ಮಗಳ ಹೆಸರಿನ ಜೊತೆ ‘ನದಾಫ್’ ಇರಬೇಕೇ? ಅನುಭವ ಇದ್ದವರು ತಿಳಿಸಿ

ಧಾರವಾಡದಿಂದ: ಮೂರು ತಿಂಗಳ ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಬೇಕಾಗಿದೆ. ಮನೆತನದ ಹೆಸರು ಇರಲೇಬೇಕೆಂದು ಮಾವನವರೂ ಬೇಡವೆಂದು ಪತಿಯೂ ಹಟ ಹಿಡಿದಿದ್ದಾರೆ. ಈ ಅರಬ್ಬಿ ಹೆಸರಿನ ಅರ್ಥವೇನು, ಇಟ್ಟುಕೊಂಡವರಿಗೂ ಬಿಟ್ಟವರಿಗೂ ಏನಾಯಿತು?

ಗದಗದಿಂದ: ನಾನು 2009ರಲ್ಲಿ ನದಾಫ್ ಬಿಟ್ಟು ಮನ್ಸೂರಿ ಆದವನು. ಹಾಜರಿ ಕರೆಯುವಾಗ ‘ಹತ್ತಿ ಹಿಂಜುವವ ಬಂದನೇ’ ಎಂದು ಕೇಳುತ್ತಿದ್ದ ಮಾಸ್ತರರನ್ನು ಹತ್ತನೆಯ ತರಗತಿಯವರೆಗೆ ಸಹಿಸಿದ್ದೆ. ಛಾಪಾ ಕಾಗದ ಮತ್ತು ನೋಟರಿಗೆ 350 ರೂಪಾಯಿ, ಎರಡು ಪತ್ರಿಕೆಗಳ ಜಾಹೀರಾತಿಗೆ 1,840. ಒಂದರಲ್ಲಿ ‘ಮಸೂರಿ’ ಎಂದು ಅಚ್ಚಾಗಿ ನಾನು ಅಕ್ಕಿಯಾದದ್ದರಿಂದ ಮತ್ತೆ 920. ಪದವಿ ಪ್ರಮಾಣಪತ್ರ ಇಂದಿಗೂ ಹಳೆಯ ಹೆಸರಿನಲ್ಲಿಯೇ ಇದೆ. ತಂದೆ ತೀರಿಕೊಂಡ ಮೇಲೆ ಅವರ ಪಹಣಿಯ ನದಾಫನಿಗೆ ಈ ಮನ್ಸೂರಿ ಮಗನೆಂದು ಸಾಬೀತುಪಡಿಸಿ ವಾರಸಾ ಮಾಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು. ಆದರೂ ಪಶ್ಚಾತ್ತಾಪವಿಲ್ಲ, ಸೂಫಿ ಮನ್ಸೂರ್ ಹಲ್ಲಾಜರ ಹೆಸರನ್ನು ಹೊತ್ತಿದ್ದೇನೆ.

ಬಾಗಲಕೋಟೆಯಿಂದ: ಮನ್ಸೂರ್ ಎಂಬುದು ಅವರ ತಂದೆಯ ಹೆಸರು, ಭಾಯಿ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದವರು ಹುಸೇನ್ ಬಿನ್ ಮನ್ಸೂರ್. ಹಲ್ಲಾಜ್ ಎಂದರೂ ಹತ್ತಿಯ ಕಸುಬಿನವನೇ. ಮೂರು ಸಾವಿರ ಖರ್ಚು ಮಾಡಿ ತಾವು ಓಡಿಹೋದದ್ದು ಅದೇ ಓಣಿಯ ಇನ್ನೊಂದು ಮನೆಗೆ. ಅರಬ್ಬಿಯಲ್ಲಿ ‘ನದಫ’ ಎಂದರೆ ಹತ್ತಿಯನ್ನು ಹಿಂಜುವುದು. ನಡುವಿನ ಅಕ್ಷರ ಇಮ್ಮಡಿಸಿ ‘ನದ್ದಾಫ್’ ಆದಾಗ ಅದನ್ನೇ ಕಸುಬಾಗಿ ಮಾಡುವವನು ಎಂಬ ಅರ್ಥ ಬರುತ್ತದೆ, ಸುಗಂಧ ಮಾರುವವನು ಅತ್ತಾರ್, ಡೇರೆ ಹೊಲಿಯುವವನು ಖಯ್ಯಾಮ್ ಆದಂತೆ. ನಮ್ಮ ಬಾಯಲ್ಲಿ ಆ ಇಮ್ಮಡಿ ಸವೆದಿದೆ. ಇದು ಧರ್ಮದ ಗುರುತೂ ಅಲ್ಲ. ನಜರೇತಿನ ಕ್ರೈಸ್ತ ಮನೆತನಗಳಲ್ಲಿಯೂ ಈ ಹೆಸರಿದೆ. ಹತ್ತಿ ಹಿಂಜುವ ಕಮಾನು ಹೊತ್ತು ಊರೂರು ತಿರುಗಿ ಗಾದಿ ತುಂಬುತ್ತಿದ್ದ ನನ್ನ ಅಜ್ಜನ ಕಸುಬನ್ನು ಫೋಮ್ ಹಾಸಿಗೆ ನುಂಗಿತು. ಹೆಸರೊಂದು ಉಳಿದಿದೆ, ಅದನ್ನು ನಾನು ಬಿಡುವುದಿಲ್ಲ.

ಸೌದಿಯ ದಮ್ಮಾಮಿನಿಂದ: ಅರ್ಥ ಅಷ್ಟೇ ಅಲ್ಲ. ಇಲ್ಲಿ ‘ನಝಾಫಾ’ ಎಂದರೆ ಸ್ವಚ್ಛತೆ, ಆದ್ದರಿಂದ ನಮ್ಮ ಹೆಸರಿಗೆ ಶುಚಿಯಾದವನು ಎಂಬ ಅರ್ಥವೂ ಇದೆ. ಪಾಸ್‌ಪೋರ್ಟಿನಲ್ಲಿ ಒಂದು ಎಫ್, ಪದವಿ ಪತ್ರದಲ್ಲಿ ಎರಡು ಎಫ್ ಇದ್ದ ಕಾರಣಕ್ಕೆ 23 ದಿನ ಸಂಬಳವಿಲ್ಲದೆ ಕುಳಿತವನು ನಾನು. ಅನುವಾದಕನೂ ಅರಬ್ಬಿಯ ದಾಲ್ ಅಕ್ಷರದ ಬದಲು ಝಾ ಬರೆದು, ತಿದ್ದಿಸಲು 600 ರಿಯಾಲ್ ಹೋಯಿತು.

ಬಾಗಲಕೋಟೆಯಿಂದ: ಅನುವಾದಕನ ತಪ್ಪನ್ನು ಅರ್ಥವೆಂದು ಹಂಚಬೇಡಿ. ದಾಲ್ ಬೇರೆ, ಝಾ ಬೇರೆ; ಹತ್ತಿಗೂ ಸ್ವಚ್ಛತೆಗೂ ಧಾತುವೇ ಬೇರೆ.

ದಮ್ಮಾಮಿನಿಂದ: ಧಾತು ತಿಳಿದವರು ನನ್ನ 23 ದಿನಗಳ ಸಂಬಳವನ್ನೂ ಲೆಕ್ಕ ಹಾಕಿಕೊಡಿ, ಮಾಸ್ತರರೇ.

ವಿಜಯಪುರದಿಂದ: ಜಗಳದಲ್ಲಿ ಮುಖ್ಯ ಮಾತೇ ಮರೆತುಹೋಗಿದೆ. ಪಿಂಜಾರ, ನದಾಫರು ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರವರ್ಗ 1ರಲ್ಲಿದ್ದಾರೆ, ಅದಕ್ಕೆ ಆದಾಯದ ಮಿತಿಯೂ ಇಲ್ಲ. ನನ್ನ ತಮ್ಮ ಮಗನ ಹೆಸರಿನಿಂದ ನದಾಫ್ ತೆಗೆಸಿದ. ಶಾಲೆಯವರು ಜಾತಿಯ ಕಡೆ ಬರಿಯ ‘ಮುಸ್ಲಿಂ’ ಎಂದು ಬರೆದರು. ಜಾತಿ ಪ್ರಮಾಣಪತ್ರದ ಅರ್ಜಿ ಎರಡು ಬಾರಿ ತಿರಸ್ಕೃತವಾಯಿತು. ಕೊನೆಗೆ ಅಪ್ಪ ಓದಿದ ಹಳ್ಳಿಯ ಶಾಲೆಗೆ ನಾಲ್ಕು ಸಲ ಅಲೆದು ದಾಖಲಾತಿ ವಹಿಯ ನಕಲು ತರಬೇಕಾಯಿತು.

ಗದಗದಿಂದ: ಅಡ್ಡಹೆಸರು ನೋಡಿ ಜಾತಿ ಪ್ರಮಾಣಪತ್ರ ಕೊಡುವುದಿಲ್ಲ, ಅಕ್ಕಾ. ಮನ್ಸೂರಿಯಾದ ನನ್ನ ಮಗನಿಗೂ ಸಿಕ್ಕಿದೆ.

ವಿಜಯಪುರದಿಂದ: ಜೊತೆಗೆ ಯಾವ ದಾಖಲೆ ಕೊಟ್ಟಿರಿ ಎಂಬುದನ್ನೂ ಹೇಳಿ.

ಗದಗದಿಂದ: ನಮ್ಮ ತಂದೆಯ ಶಾಲಾ ದಾಖಲೆ. ಅದರಲ್ಲಿ ನದಾಫ್ ಎಂದಿದೆ. ಆದರೆ ಅದು ಬೇರೆ ವಿಷಯ.

ಧಾರವಾಡದಿಂದ: ಎಲ್ಲರಿಗೂ ಧನ್ಯವಾದಗಳು. ಈಗ ತೆಗೆದು ನೋಡಿದರೆ ಮಾವನವರ ಪಹಣಿಯಲ್ಲಿ ‘ನದಾಪ’ ಎಂದಿದೆ, ಪತಿಯ ಆಧಾರಿನಲ್ಲಿ ‘ನದಾಫ್’. ಮಗಳಿಗೆ ಯಾವುದನ್ನು ಬರೆಸುವುದು?

ದಮ್ಮಾಮಿನಿಂದ: ಮೊದಲು ಮಾವನವರದನ್ನು ತಿದ್ದಿಸಿ, ತಂಗಿ. ಮಗಳ ಹೆಸರು ಆಮೇಲೆ.