ಡಿಐ ರೆಸಿನ್ ಬೇಗ ಖಾಲಿ, ಗಾಜಿನ ಮೇಲೆ ಕಂದು ಪಾಚಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆಯ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಆರ್‌ಒ-ಡಿಐ ನೀರನ್ನೇ ಹಾಕುತ್ತೇನೆ, ಅಂದರೆ ಆರ್‌ಒ ಮೆಂಬ್ರೇನ್ ದಾಟಿಸಿ, ಆಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಕಾಳುಗಳ ಮೂಲಕ ಹಾಯಿಸಿದ ನೀರು. ಮೂಲ ಬೋರ್‌ವೆಲ್ ನೀರು, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 420. ಮೆಂಬ್ರೇನ್ ದಾಟಿದ ಮೇಲೆ 11, ಡಿಐ ಆದಮೇಲೆ 0. ಲೆಕ್ಕ ಸರಿಯಾಗಿದೆ ಅಲ್ವಾ? ಆದರೂ ಗಾಜು ಒರೆಸಿದ ಮಾರನೇ ದಿನವೇ ಕಂದು ಪುಡಿಯಂಥ ಪದರ ಕೂರುತ್ತದೆ, ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ. ಡಯಾಟಮ್ (ಸಿಲಿಕಾ ಬಳಸಿ ಬೆಳೆಯುವ ಕಂದು ಪಾಚಿ) ಅಂತಲೇ ನನ್ನ ಅನುಮಾನ. ಟ್ಯಾಂಕ್ ಹೊಸದಲ್ಲ. ನೈಟ್ರೇಟ್ 5, ಫಾಸ್ಫೇಟ್ 0.05, ಲವಣಾಂಶ 35.

ಇನ್ನೊಂದು ತಲೆನೋವು ರೆಸಿನ್. ಮುಗಿಯುತ್ತಾ ಬಂದಂತೆ ಬಣ್ಣ ಬದಲಾಗುವ ಬಗೆಯದು. ಹೊಸದು ತುಂಬಿದ ಸ್ವಲ್ಪ ದಿನಕ್ಕೇ ಕೆಳಗಿನಿಂದ ಬಣ್ಣ ತಿರುಗುತ್ತಾ ಮೇಲೇರುತ್ತದೆ. 11 ಟಿಡಿಎಸ್‌ಗೆ ಇಷ್ಟು ಬೇಗ ಮುಗಿಯಬಾರದು.

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಮೆಂಬ್ರೇನಿಗೆ ಸಿಗದೆ ನೇರವಾಗಿ ಡಿಐಗೆ ಹೋಗಿ ಅದನ್ನು ತಿನ್ನುತ್ತದೆ ಅಂತ ಗೊತ್ತು. ರೆಸಿನ್ ಸೋಲುವ ಹೊತ್ತಿಗೆ ಮೊದಲು ಜಾರಿಕೊಳ್ಳುವುದು ಸಿಲಿಕಾ, ಅದು ಟಿಡಿಎಸ್ ಮೀಟರಿಗೆ ಕಾಣುವುದೂ ಇಲ್ಲ. ಹಾಗಾಗಿ ಆ 0 ಮೇಲೆ ನನಗೆ ನಂಬಿಕೆ ಕಡಿಮೆಯಾಗಿದೆ. ಆರ್‌ಒ ನೀರನ್ನು ಬಕೆಟಿನಲ್ಲಿ ಹಿಡಿದು ರಾತ್ರಿಯಿಡೀ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ನೋಡಿದೆ. ಪಿಎಚ್ 5.8ರಿಂದ 6.9ಕ್ಕೆ ಏರಿತು, ಅಂದರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗಿದೆ.

ಕೇಳುವುದು ಇಷ್ಟೇ. ಗಾಳಿ ಹಾಯಿಸಿದ ನೀರನ್ನು ಆಮೇಲೆ ಸಣ್ಣ ಪಂಪಿನಿಂದ ಡಿಐಗೆ ಬಿಡುವವರು ಯಾರಾದರೂ ಇದ್ದೀರಾ? ಇಲ್ಲ, ಕ್ಯಾಟಯಾನ್ (ಧನ ಅಯಾನು ಹಿಡಿಯುವ), ಆನಯಾನ್ (ಋಣ ಅಯಾನು ಹಿಡಿಯುವ) ರೆಸಿನ್ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಕೊನೆಗೆ ಮಿಕ್ಸೆಡ್ ಬೆಡ್ (ಎರಡೂ ಬೆರೆಸಿದ ರೆಸಿನ್) ಹಾಕುವುದು ವಾಸಿಯಾ? ಸಿಲಿಕೇಟ್ (ನೀರಿನಲ್ಲಿ ಕರಗಿದ ಸಿಲಿಕಾ) ಅಳೆಯುವ ಕಿಟ್ ಬಳಸಿದವರು ಅದರ ರೀಡಿಂಗ್ ಎಷ್ಟು ನಂಬಬಹುದು ಅಂತಲೂ ಹೇಳಿ. ಸುಮ್ನೆ ರೆಸಿನ್ ಬದಲಿಸುತ್ತಾ ಕೂರುವುದು ಸಾಕಾಗಿದೆ.