ಮಾಲ್ಡೀವ್ಸ್‌ಗೆ ಹೊಂಟ ಅಕ್ಕನ ಮಗಳಿಗೆ

ಯವ್ವಾ, ನಮ್ಮ ಮನಿ ಗ್ರೂಪಿನಾಗ ನೀ ಹಾಕಿದ ಮೆಸೇಜು ಈಗ ಕೇಳಿದೆ. ಟೈಪ್ ಮಾಡಾಕ ಕುಂತ್ರ ಮುಗಿಯಂಗಿಲ್ಲ, ಅದಕ್ಕ ಮಾತಿನಾಗ ಹೇಳಿಬಿಡ್ತೀನಿ. ಉದ್ದ ಆಗತೈತಿ, ಅಕ್ಕ, ಅಣ್ಣಾರು, ನೀವೂ ಪೂರ್ತಿ ಕೇಳ್ರಿ.

ಮಾಲ್ಡೀವ್ಸ್‌ನಾಗ ಗಣಿತ ಟೀಚರ್ ಕೆಲಸ ಸಿಕ್ಕೈತಿ, ಸಾಲಿಯವರು ಒಂದು ಮನಿಯಾಗ ರೂಮು ಗೊತ್ತು ಮಾಡ್ಯಾರ, ಊಟ ಆ ಮನಿಯವರ ಜೋಡಿನ, ಹೆಂಗ ಹೊಂದಿಕೊಳ್ಳಲಿ ಚಿಗವ್ವಾ ಅಂತ ಕೇಳೀದಿ. ಅದರ ಕೆಳಗ ಅಣ್ಣಾರು, ಮಂದಿ ಮನಿ ಬ್ಯಾಡ, ಬ್ಯಾರೆ ರೂಮು ಹಿಡಿ, ನಿನ್ನ ಒಲಿ ನಿನಗ ಇರಲಿ ಅಂದಾರ. ಅಣ್ಣಾ, ನೀವು ಕಾಳಜಿಲೆ ಹೇಳೀರಿ, ನನಗ ಗೊತ್ತೈತಿ. ಆದ್ರ ನಾನು ಆ ದೇಶದಾಗ ಸಾಲಿ ಕಲಿಸಿ ಬಂದಾಕಿ, ನನ್ನ ಮಾತು ಬ್ಯಾರೆ ಐತಿ. ಮೊದಲನೇ ಟರ್ಮ್ ಮುಗಿಯೋತನಕ ಆಕಿ ಆ ಮನಿಯಾಗನ ಇರಲಿ, ಅವರ ಜೋಡಿನ ಉಣ್ಣಲಿ. ಸಾಲಿಯಾಗ ಆಕಿಗೆ ಬೇಕಾಗೋದು ಅರ್ಧಾ ಆ ಮನಿಯಾಗ ಸಿಗತೈತಿ.

ಯಾಕ ಅಂದ್ರ, ಮೊದಲು ಆ ಊರಿನ ಅಳತಿ ತಿಳಕೋ. ಆ ದೇಶದಾಗ ಸುಮಾರು 1,190 ದ್ವೀಪ ಅದಾವ, ಮಂದಿ ಬಾಳ್ವಿ ಮಾಡೋವು 200ಕ್ಕಿಂತ ಕಡಿಮಿ. ಟಿವಿಯಾಗ ತೋರಸೋ ನೀರಿನ ಮ್ಯಾಲಿನ ಹೋಟೆಲ್ಲುಗಳ ದ್ವೀಪಾನ ಬ್ಯಾರೆ. ನೀ ಹೋಗೋದು ಸಣ್ಣ ಊರು, ಈ ತುದಿಯಿಂದ ಆ ತುದಿಗೆ ಆರಾಮ ನಡಕೊಂಡು ಹೋಗಬಹುದು. ಅಂಗಡಿಯಾವ, ದೋಣಿ ನಡಸಾವ, ಆರೋಗ್ಯ ಕೇಂದ್ರದ ನರ್ಸು, ಎಲ್ಲಾರೂ ನಿನ್ನ ಕ್ಲಾಸಿನ ಯಾವುದರ ಒಂದು ಹುಡುಗನ ಮನಿಯವರಾ ಆಗಿರತಾರ. ಬಾಗಲಾ ಹಾಕ್ಕೊಂಡು ಒಬ್ಬಾಕಿನ ಉಂಡು ಮಲಗಿದ್ರ ಕೊನೀತನಕ ಇಂಡಿಯಾ ಟೀಚರ್ ಅನಿಸಿಕೊಂಡು ಇರ್ತಿ. ಒಂದು ಮನಿಯಾಗ ಉಂಡಿ ಅಂದ್ರ ಊರು ನಿನ್ನ ಆ ಮನಿಯಾಕಿ ಅಂತ ಗುರುತು ಹಿಡಿತೈತಿ. ಆಮ್ಯಾಲೆ ಹುಡುಗ ಸಾಲಿಗೆ ಬರಲಿಲ್ಲಂದ್ರ ಅವರವ್ವನ್ನ ಕೇಳಾಕ ಆಫೀಸಿನ ಪತ್ರ ಬೇಕಾಗಂಗಿಲ್ಲ.

ನಾ ಇದ್ದ ಮನಿಯಾಗ ಒಬ್ಬಾಕಿ ಅಜ್ಜಿ ಇದ್ಲು. ಹಿಂದಿ ಸಿನಿಮಾ ನೋಡಿ ನೋಡಿ ಆಕಿಗೆ ಹಿಂದಿ ತಕ್ಕಮಟ್ಟಿಗೆ ತಿಳೀತಿತ್ತು, ನಂದೂ ಅಷ್ಟ ಹಿಂದಿ, ಇಬ್ಬರಿಗೂ ಸಾಕಾತು. ಅಲ್ಲಿ ಹೆಣ್ಣಮಕ್ಕಳು ಹೊತ್ತೇರೋದರಾಗ ತೆಂಗಿನ ಗರಿಕಡ್ಡಿ ಕಸಬರಗಿ ತಗೊಂಡು ಮನಿ ಮುಂದಿನ ಮರಳು ಓಣಿ ಗುಡಸ್ತಾರ. ಟೀಚರ್ ಅಂತ ನನ್ನ ಕೂಡ್ಸಿ ಚಾ ಕೊಡತಿದ್ರು. ನಾ ಒಂದಿನ ಏನೂ ಕೇಳದನ ಇನ್ನೊಂದು ಕಸಬರಗಿ ತಗೊಂಡು ಅಜ್ಜಿ ಪಕ್ಕ ನಿಂತೆ. ಬ್ಯಾಡ ಅಂದ್ಲು, ನಾ ಬಿಡಲಿಲ್ಲ. ಎದುರು ಮನಿಯಾಕಿ ನಕ್ಕೋತ ಏನೋ ಅಂದ್ಲು, ಅಜ್ಜಿ ಅದಕ್ಕೇನೋ ಉತ್ತರ ಕೊಟ್ಲು. ಅವತ್ತ ಸಂಜಿಮುಂದ ಎದುರು ಮನಿಯಾಕಿ ತನ್ನ ಮಗನ್ನ ಗಣಿತದ ಪುಸ್ತಕ ಸಮೇತ ಕರಕೊಂಡು ಬಂದ್ಲು. ಅಲ್ಲಿ ಮನಿ ಮುಂದ ಪೈಪಿನ ಚೌಕಟ್ಟಿಗೆ ಹಗ್ಗದ ಬಲಿ ಹೆಣೆದ ಕುರ್ಚಿ ಸಾಲಾಗಿ ಇರತಾವ, ಜೋಲಿ ಅಂತಾರ. ಸಂಜಿಕ ಊರ ಮಂದಿ ಅದರಾಗ ಕುಂತು ಮಾತಾಡ್ತಾರ. ಆಮ್ಯಾಲಿಂದ ನಾ ಜೋಲಿಯಾಗ ಕುಂತ್ರ ಸಾಕು, ಎರಡು ಮೂರು ಹುಡುಗರು ಸುತ್ತ ಇರತಿದ್ದುವು. ಕ್ಲಾಸಿನಾಗ ಬಾಯಿ ಬಿಡದ ಹುಡುಗಿ ಅಲ್ಲಿ ಭಿನ್ನರಾಶಿ ತಿಳಿಲಿಲ್ಲ ಅಂತ ತಾನ ಹೇಳಿದ್ಲು. ಅದಕ್ಕ ಹೇಳಾಕತ್ತೀನಿ, ಬೀಗತಿಯಂಗ ಕೂಡಬ್ಯಾಡ. ಕೆಲಸ ಕೇಳಿ ಇಸಕೋ.

ಊಟದ ಮಾತು. ಅಕ್ಕಗ ಇದರದ್ದ ದೊಡ್ಡ ಚಿಂತಿ. ಅಲ್ಲಿ ಮೂರೂ ಹೊತ್ತು ಟ್ಯೂನಾ ಮೀನು, ಇದ್ದದ್ದು ಇದ್ದಂಗ ಹೇಳ್ತೀನಿ. ಮುಂಜಾನಿ ನಾಷ್ಟಾಕ್ಕ ಮೀನು, ಕೊಬ್ಬರಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಕಲಸಿದ ಮಸ್‌ಹುನಿ, ಜೋಡಿಗೆ ರೋಶಿ, ಅಂದ್ರ ಗೋಧಿ ಹಿಟ್ಟಿನ ತೆಳ್ಳನ ಚಪಾತಿ. ಮಧ್ಯಾಹ್ನ ಅನ್ನಕ್ಕ ಗರುಧಿಯಾ ಅಂತ ಮೀನಿನ ತಿಳಿಸಾರು. ನಾವು ಮೀನು ಮುಟ್ಟದ ಮಂದಿ. ಇದನ್ನ ಹೋದ ದಿನಾನ ಹೇಳಿಬಿಡು. ಸಂಕೋಚ ಮಾಡಿಕೊಂಡು ನಾಕು ದಿನ ಹಸಿವಿಲ್ಲ ಅಂತ ತಟ್ಟಿ ಸರಿಸಿದ್ರ ಅವರಿಗೆ ನಿನ್ನ ಮನಸು ತಿಳಿಯಂಗಿಲ್ಲ, ನಮ್ಮ ಕೈ ಅಡಗಿ ರುಚಿಸಲಿಲ್ಲ ಅನ್ಕೊಂತಾರ. ಬ್ಯಾಳಿ ಸಾರು, ಕುಂಬಳಕಾಯಿ, ನುಗ್ಗಿಸೊಪ್ಪು, ದೀವಿಹಲಸು ಎಲ್ಲಾ ಅವರ ಅಡಗಿಯಾಗ ಅದಾವ. ಮೀನು ಹಾಕೋಕಿಂತ ಮೊದಲು ನನ್ನ ಪಾಲು ತಗದಿಡ್ರಿ ಅಂತ ಕೇಳು, ಸಂತೋಷದಲೆ ತಗದಿಡ್ತಾರ. ಪಕ್ಕದಾಗ ಕುಂತವರು ಮೀನು ತಿನ್ನೋದು ನೋಡಿ ಮುಖ ಮಾತ್ರ ತಿರುವಬ್ಯಾಡ. ಅದು ಅವರ ಅನ್ನ. ಆ ಮನಿ ಯಜಮಾನರು ನಸುಕಿನ್ಯಾಗ ದೋಣಿ ಹತ್ತೋರು, ಬಲಿ ಹಾಕಂಗಿಲ್ಲ, ಗಾಳಕೋಲಿನಿಂದ ಒಂದೊಂದ ಮೀನು ಎತ್ತಿ ಹಾಕೋ ದುಡಿಮಿ, ತೋಳು ಬಿದ್ದು ಹೋಗತಾವ.

ಕಾಯಿಪಲ್ಲೆ ದೋಣಿ ಮ್ಯಾಲೆ ಬರಬೇಕು, ತುಟ್ಟಿ. ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಒಯ್ಯಿ. ಜೋಳದ ಹಿಟ್ಟು ಸ್ವಲ್ಪ ಒಯ್ಯಿ, ಅಲ್ಲಿ ಹವಾದಾಗ ತ್ಯಾವ ಬಾಳ, ಲಗೂನ ಕೆಡತೈತಿ. ನಾ ಒಂದು ಶುಕ್ರವಾರ ಅವರ ಅಡಗಿಮನ್ಯಾಗ ಕುಂತು ರೊಟ್ಟಿ ಬಡದೆ. ಆ ಸಪ್ಪಳಕ್ಕ ಬಾಜೂ ಮನಿ ಹುಡುಗರು ಓಡಿ ಬಂದು ಬಾಗಲದಾಗ ನಿಂತುವು. ಅಜ್ಜಿ ನನ್ನ ಕೈಯಾಗಿನ ಹಿಟ್ಟಿನ ಉಂಡಿ ಇಸಕೊಂಡು ತಾನೂ ಬಡದು ನೋಡಿದ್ಲು, ಅಂಚು ಹರೀತು, ಮತ್ತ ಕೂಡಿಸಿ ಬಡದ್ಲು. ಹೆಂಚಿನ ಮ್ಯಾಲೆ ನೀರು ಸವರಿದಾಗ ಉಗಿ ಎದ್ದದ್ದು ನೋಡಿ ಆಕಿಗೆ ಆದ ಖುಷಿ ನನಗ ಇನ್ನೂ ಕಣ್ಣಿಗೆ ಕಟ್ಟಿದಂಗೈತಿ.

ದೇವರ ವಿಷಯ, ಅಕ್ಕಾ, ಇದು ನಿನಗ. ಚೀಲದಾಗ ಮೂರ್ತಿ ಇಡಬ್ಯಾಡ್ರಿ. ಪೂಜಿ ಮೂರ್ತಿ ಒಳಗ ತರಾಕ ಆ ದೇಶದ ಕಾನೂನು ಬಿಡಂಗಿಲ್ಲ, ಕಸ್ಟಮ್ಸ್‌ನಾಗ ಹಿಡಿತಾರ. ಬ್ಯಾರೆ ಧರ್ಮದ ಪೂಜಿ ನಾಕು ಮಂದಿ ಮುಂದ ಮಾಡಂಗಿಲ್ಲ. ನಮ್ಮ ಕೊಪ್ಪಳದ ಗವಿಸಿದ್ಧಪ್ಪಜ್ಜನ್ನ ಮನಸಿನಾಗ ನೆನೀಲಿ, ಯಾರೂ ಬ್ಯಾಡ ಅನ್ನಂಗಿಲ್ಲ. ಚೂಡಿದಾರ, ವೇಲು ಅಲ್ಲಿಗೆ ಒಪ್ಪತೈತಿ. ರಂಜಾನ್ ತಿಂಗಳಾಗ ಹಗಲು ಮಂದಿ ಎದುರು ಏನೂ ತಿನ್ನಬಾರದು, ರೂಮಿನಾಗ ತಿನ್ನು. ಸಂಜಿಕ ಉಪವಾಸ ಬಿಡೋ ಹೊತ್ತಿಗೆ ಮಾತ್ರ ಅವರ ಜೋಡಿ ಕೂಡು, ಕರದೇ ಕರೀತಾರ.

ಇನ್ನ ಪಾಠ. ಅವರ ಭಾಷಾ ದಿವೇಹಿ, ಮತ್ತ ಇಸ್ಲಾಂ, ಇವೆರಡು ಬಿಟ್ಟು ಬಾಕಿ ವಿಷಯ ಇಂಗ್ಲಿಷ್‌ನಾಗ, ದೊಡ್ಡ ಕ್ಲಾಸಿನವರಿಗೆ ಕೇಂಬ್ರಿಜ್ ಪರೀಕ್ಷಾ. ಆದ್ರ ಪುಸ್ತಕದಾಗಿನ ಉದಾಹರಣಿ ಆ ಹುಡುಗರ ಕಣ್ಣ ಮುಂದ ಇರಂಗಿಲ್ಲ. ಕೊಪ್ಪಳ ಕೋಟಿ ಗುಡ್ಡ, ಅಂಜನಾದ್ರಿ ಹತ್ತಿದ ಹುಡುಗರಿಗೆ ಏರು ಅಂದ್ರ ಏನಂತ ಹೇಳೋ ಕೆಲಸಿಲ್ಲ. ಆ ದೇಶದ ಎಲ್ಲಾಕ್ಕಿಂತ ಎತ್ತರದ ನೆಲಾನ ಸಮುದ್ರಕ್ಕಿಂತ ಒಂದೈದು ಮೀಟರ್ ಮ್ಯಾಲೆ ಅಷ್ಟ ಐತಿ. ಅವರಿಗೆ ಇಳಿಜಾರಿನ ಲೆಕ್ಕ ಹೆಂಗ ಹೇಳ್ತಿ? ನಾ ಹುಡುಗರನ್ನ ದೋಣಿ ನಿಲ್ಲೋ ಜೆಟ್ಟಿಗೆ ಕರಕೊಂಡು ಹೋದೆ. ಜೆಟ್ಟಿಯಿಂದ ದೋಣಿಗೆ ಹಲಗಿ ಹಾಕಿರತಾರಲ್ಲ, ಸಮುದ್ರ ಉಬ್ಬಿದಾಗ ಒಂದು ಕೋನ, ಇಳಿದಾಗ ಇನ್ನೊಂದು. ಎರಡೂ ಹೊತ್ತು ಟೇಪ್ ಹಿಡದು ಅಳದುವು, ಎತ್ತರಾನ ಅಡ್ಡಳತಿಯಿಂದ ಭಾಗಿಸಿದ್ರ ಟ್ಯಾಂಜೆಂಟ್ ತಾನ ಬಂತು. ಸಿಲಿಂಡರಿನ ಘನಫಲಕ್ಕ ಮನಿ ಹಿತ್ತಲದಾಗಿನ ಮಳೀನೀರಿನ ಟಾಕಿ. ಮಳೀನೀರು ಹಿಡದಿಟ್ಟು ಕುಡಿಯೋ ಊರದು, ಟಾಕಿಯಾಗ ಎಷ್ಟು ಲೀಟರ್ ಉಳದೈತಿ ಅನ್ನೋದು ಆ ಹುಡುಗರಿಗೆ ಮನಿ ಲೆಕ್ಕ. ಬ್ಯಾರೆ ರೂಮಿನಾಗ ಬಾಟಲಿ ನೀರು ಕುಡಕೊಂತ ಇದ್ದಿದ್ರ ಆ ಟಾಕಿ ನನಗ ಹೊಳೀತಿದ್ದಿಲ್ಲ.

ಹಂಗಂತ ಎಲ್ಲಾನೂ ಸಹಿಸ್ಕೋ ಅಂತ ನಾ ಹೇಳಾಕತ್ತಿಲ್ಲ. ಅಣ್ಣಾ, ನಿಮ್ಮ ಮಾತು ಇಲ್ಲಿ ಖರೇ ಐತಿ. ರೂಮಿಗೆ ಒಳಗ ಚಿಲಕ, ಹೊರಗ ಕೀಲಿ ಇರಬೇಕು, ಬಚ್ಚಲಕ್ಕ ಬಾಗಲಾ ಗಟ್ಟಿ ಇರಬೇಕು. ಅಲ್ಲಿ ಕೆಲವು ಮನಿಯಾಗ ಬಚ್ಚಲಕ್ಕ ಮ್ಯಾಲೆ ಮಾಳಿಗಿ ಇರಂಗಿಲ್ಲ, ಗ್ವಾಡಿ ಮಾತ್ರ ಎತ್ತರ ಇರತೈತಿ, ಅದಕ್ಕ ಅಂಜಬ್ಯಾಡ. ಆದ್ರ ಯಾರದರ ನಡತಿ ಸರಿ ಅನಿಸಲಿಲ್ಲಂದ್ರ ಅವತ್ತ ಸಾಲಿಯವರಿಗೆ ಹೇಳಿ ಮನಿ ಬದಲಸಬೇಕು, ಒಂದು ರಾತ್ರಿನೂ ಕಾಯಬಾರದು. ಹೊಂದಿಕೊಳ್ಳೋದು ಊಟಕ್ಕ, ಹವಾಕ್ಕ, ಪದ್ಧತಿಗೆ ಅಷ್ಟ.

ರೊಕ್ಕದ ಮಾತು ಒಂದ. ಪಗಾರ ರುಫಿಯಾದಾಗ ಬರತೈತಿ. ಅಲ್ಲಿ ಡಾಲರ್ ಕೊರತಿ ಐತಿ, ಪರದೇಶದವರು ಮನಿಗೆ ಇಷ್ಟ ಕಳಸಬೇಕು ಅಂತ ಬ್ಯಾಂಕಿನವರು ಮಿತಿ ಹಾಕ್ತಾರ, ಆ ಮಿತಿ ಆವಾಗಾವಾಗ ಬದಲಾಗತೈತಿ. ಅಕ್ಕಾ, ಮಗಳು ತಿಂಗಳಾ ಕಳಸ್ತಾಳ ಅಂತ ನಂಬಿ ಈಗನ ಯಾವ ಕಂತೂ ಹಚ್ಕೋಬ್ಯಾಡ್ರಿ. ಇನ್ನ ಫೋನ್ ಮಾಡೋ ಹೊತ್ತು: ನಮಗಿಂತ ಅರ್ಧಾ ತಾಸು ಹಿಂದ ಐತಿ ಅವರ ಟೈಮು. ರಜಾ ಶುಕ್ರವಾರ, ಶನಿವಾರ. ರವಿವಾರ ಸಾಲಿ ಇರತೈತಿ, ಅವತ್ತ ಮುಂಜಾನಿ ಫೋನ್ ಎತ್ತಲಿಲ್ಲ ಅಂತ ಗಾಬರಿ ಆಗಬ್ಯಾಡ.

ಯವ್ವಾ, ಅಗ್ರಿಮೆಂಟಿನ ಫೋಟೋ ಗ್ರೂಪಿನಾಗ ಹಾಕಬ್ಯಾಡ, ನನಗೊಬ್ಬಾಕಿಗೆ ಕಳಸು. ಬಾಡಿಗಿ ಸಾಲಿ ಕೊಡತೈತೋ, ನಿನ್ನ ಪಗಾರದಾಗ ಮುರಕೊಂತಾರೋ, ಊಟದ ರೊಕ್ಕ ಯಾರ ಕೈಗೆ ಕೊಡಬೇಕು, ಬಂದು ಹೋಗೋ ಟಿಕೀಟು ಯಾರದು, ಇವಿಷ್ಟು ಅದರಾಗ ಬರದಾರೇನು ನೋಡಬೇಕು. ಬರದಿಲ್ಲಂದ್ರ ಸಹಿ ಮಾಡಬ್ಯಾಡ, ಮೇಲ್ ಹಾಕಿ ಕೇಳು. ಈ ರವಿವಾರ ಅಕ್ಕನ್ನ ಕರಕೊಂಡು ಗಂಗಾವತಿಗೆ ಬಾ, ಕುಂತು ಒಂದೊಂದ ಸಾಲು ಓದೋಣು.