ಕೆರೆಯ ಅಂತರಗಂಗೆ: ರವಿವಾರದ ಕೆಲಸ, ಬಯೋಪ್ಲಾಸ್ಟಿಕ್ ಪ್ರಯೋಗಕ್ಕ ದಂಟು

ಸಂಘದ ಕಾರ್ಯದರ್ಶಿ:
ರವಿವಾರ ಮುಂಜಾನೆ 7ಕ್ಕ ಎಲ್ಲಾರೂ ಕೆರಿ ದಂಡಿಗೆ ಬರ್ರಿ. ಅಂತರಗಂಗೆ (ನೀರ ಮ್ಯಾಲ ತೇಲೂ ಕಳೆ, ವಾಟರ್ ಹಯಸಿಂತ್) ಹೂ ಬಿಡಾಕ ಹತ್ತೈತಿ. ಬೀಜ ಕೆಸರಿಗೆ ಬಿದ್ರ ವರ್ಷಗಟ್ಟಲೆ ಮತ್ತ ಮತ್ತ ಮೊಳಿತೈತಿ. ಕಾಲೇಜಿನ ಲ್ಯಾಬಿನವರು ಬಯೋಪ್ಲಾಸ್ಟಿಕ್ ಮಾಡಿ ನೋಡಾಕ 2 ಕೆ.ಜಿ. ಒಣ ದಂಟು ಕೇಳ್ಯಾರ.

3ನೇ ಅಡ್ಡರಸ್ತೆ, ಸೂಕ್ಷ್ಮಜೀವಶಾಸ್ತ್ರದವರು:
ಗಿಡದಾಗ ನೂರಕ್ಕ ಸುಮಾರು 95 ಪಾಲು ನೀರ ಇರ್ತೈತ್ರಿ, ಅಂದ್ರ 40 ಕೆ.ಜಿ. ಹಸಿ ದಂಟು ಬೇಕು. ಬೇರು ದಂಡಿ ಮ್ಯಾಲೇ ಕಡಿದು ಬ್ಯಾರೆ ಇಡ್ರಿ, ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಅಲ್ಲೇ ಕೂಡಿರ್ತಾವ. ಎಲಿನೂ ಬ್ಯಾಡ. ಗಟಾರದ ನೀರ ಕುಡಿದ ಗಿಡದ ಎಲಿಯೊಳಗ ನೈಟ್ರೋಜನ್ ಜಾಸ್ತಿ. ಸಕ್ಕರಿ ಧಾರಾಳ, ನೈಟ್ರೋಜನ್ ತುಟ್ಟಿ ಆದ್ರಷ್ಟೇ ಬ್ಯಾಕ್ಟೀರಿಯಾ ಹಗೇವು ತುಂಬಿದಂಗ ಮೈಯೊಳಗ ಬಯೋಪ್ಲಾಸ್ಟಿಕ್, ಅಂದ್ರ ಪಿಎಚ್‌ಬಿ ಕೂಡಿಸ್ತೈತಿ. ನೈಟ್ರೋಜನ್ ಸಿಕ್ರ ಬರೇ ಸಂಖ್ಯಾ ಬೆಳಸ್ತೈತಿ, ಪ್ಲಾಸ್ಟಿಕ್ ಬರೂದಿಲ್ಲ.

5ನೇ ಅಡ್ಡರಸ್ತೆ:
ಅಕ್ಕಾರ, ಕಡಲಪಾಚಿಯಿಂದ ಮಾಡಿದಂಗ ಇಲ್ಲೂ ಉಪ್ಪಿನ ಸೂಕ್ಷ್ಮಜೀವಿ ಹಾಕಬಹುದಲ್ಲಾ?

3ನೇ ಅಡ್ಡರಸ್ತೆ:
ಹಾಲೋಫೆರಾಕ್ಸ್ ಮೆಡಿಟೆರೇನಿ ಅಲ್ರಿ? ಅದರ ಜೀವಕೋಶ ಸಿಹಿನೀರಿಗೆ ಹಾಕಿದ್ರ ತಾನಾ ಒಡಿತೈತಿ, ಪ್ಲಾಸ್ಟಿಕ್ ಹೊರಗ ತಗಿಯೂದು ಹಗುರ, ಖರೆ. ಆದ್ರ ಅದಕ್ಕ ಉಪ್ಪು ಬಾಳ ಬೇಕು. ಕಡಲಪಾಚಿ ಹೆಂಗೂ ಉಪ್ಪಿನದು, ಅಲ್ಲಿ ನಡಿತೈತಿ. ನಮ್ಮ ಸಿಹಿನೀರಿನ ಕಳೆಗೆ ಉಪ್ಪು ಸುರಿದು ಆಮ್ಯಾಲ ಆ ನೀರ ಎಲ್ಲಿ ಚೆಲ್ಲೂದು? ನಮಗ ಬ್ಯಾಸಿಲಸ್ ಮೆಗಟೇರಿಯಂ ಅನ್ನೂ ಬ್ಯಾಕ್ಟೀರಿಯಾ ಸಾಕು. ಫ್ರಾನ್ಸಿನ ಲೆಮ್ವಾನ್ 1926ರಾಗ ಪಿಎಚ್‌ಬಿ ಕಂಡದ್ದೂ ಅದರಾಗೇ.

ಲ್ಯಾಬಿನ ಕ್ರಮ ಹಿಂಗ: ಸಕ್ಕರಿ ಬಿಡಿಸಾಕ ದಂಟಿನ ಪುಡಿಗೆ 2 ಪ್ರತಿಶತ ಗಂಧಕಾಮ್ಲ, ಕುಕ್ಕರಿನಂಥ ಆಟೋಕ್ಲೇವ್‌ನಾಗ 121 ಡಿಗ್ರಿಗೆ ಅರ್ಧ ತಾಸು. ಹೆಚ್ಚು ಬೇಯಿಸಿದ್ರ ಸಕ್ಕರಿ ಮುರಿದು ಫರ್ಫ್ಯೂರಾಲ್ ಆಗ್ತೈತಿ, ಬ್ಯಾಕ್ಟೀರಿಯಾಕ್ಕ ಅದು ವಿಷ. ಸುಣ್ಣ ಹಾಕಿ ಪಿಎಚ್ 7ಕ್ಕ ತರೂದು, ತಳಕ್ಕ ಕೂತ ಜಿಪ್ಸಂ ಸೋಸೂದು, ಇದ್ದಿಲ ಪುಡಿಯಿಂದ ಉಳಿದ ಫರ್ಫ್ಯೂರಾಲ್ ಹೀರಿಸೂದು. ಆಮ್ಯಾಲ ಬ್ಯಾಕ್ಟೀರಿಯಾ ಬಿಟ್ಟು 30 ಡಿಗ್ರಿಯೊಳಗ ಅಲುಗಾಡಿಸ್ತಾ ಬೆಳಸೂದು. ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಾಗ ನೋಡಿದ್ರ ಕೋಶದೊಳಗ ಕರಿ ಕಾಳು ಕಾಣ್ತಾವ, ಅದೇ ನಮ್ಮ ಪ್ಲಾಸ್ಟಿಕ್. ಕಾಳು ತುಂಬಿದ ಕೂಡಲೇ ತಗೀಬೇಕು. ತಡಾ ಮಾಡಿದ್ರ ಕೂಡಿಸಿದ್ದನ್ನ ತಾನಾ ತಿಂದು ಬೀಜಕ (ಸ್ಪೋರ್) ಕಟ್ತೈತಿ.

ಸಂಘದ ಕಾರ್ಯದರ್ಶಿ:
ಎಷ್ಟು ಬರ್ತೈತ್ರಿ? ಕೆಲವರು ಇದರಾಗ ಕೆರಿ ಖರ್ಚು ಹುಟ್ತೈತಿ ಅಂತಾರ.

3ನೇ ಅಡ್ಡರಸ್ತೆ:
ಎಲ್ಲಾ ಚಲೋ ನಡೆದ್ರ 2 ಕೆ.ಜಿ.ಯಿಂದ ನೂರು ಗ್ರಾಂ ಆಸುಪಾಸು ಅಂತ ನನ್ನ ಅಂದಾಜು. ರೊಕ್ಕ ಹುಟ್ಟೂದಿಲ್ಲ. ಇದನ್ನ ನಂಬಿ ಕಳೆ ಬೆಳಸೂದಂತೂ ಬ್ಯಾಡ್ರಿ, ಕೆರಿ ಮೊದಲು. ಗಟಾರ ಬಂದ್ ಆಗದಿದ್ರ ತಿಂಗಳೊಪ್ಪತ್ತಿನಾಗ ಮತ್ತ ಹಬ್ಬತೈತಿ, ಪಾಲಿಕೆಗೆ ಕೊಡೂ ಅರ್ಜಿ ಅದರ ಮ್ಯಾಲೇ ಇರ್ಲಿ. ಮನಿಯೊಳಗ ಯಾರೂ ಆಸಿಡ್ ಮುಟ್ಟಬ್ಯಾಡ್ರಿ.

ಸಂಘದ ಕಾರ್ಯದರ್ಶಿ:
ಆತ್ರಿ. 5ನೇ ಅಡ್ಡರಸ್ತೆಯವರು ತಾಡಪತ್ರಿ, ಕುಡಗೋಲು ತರ್ರಿ. ದಂಟು ಬೆರಳುದ್ದ ಕತ್ತರಿಸಿ ತೆಳ್ಳಗ ಹರವೂದು. ದಪ್ಪ ರಾಶಿ ಹಾಕಿದ್ರ ಕೊಳಿತೈತಿ. ಎಲಿ ಕಾಂಪೋಸ್ಟ್ ಗುಂಡಿಗೆ. ಬೇರು ಬ್ಯಾರೆ ಚೀಲಕ್ಕ, ಪಾಲಿಕೆ ಗಾಡಿಗೆ. ಅರ್ಜಿಗೆ ಸಹಿನೂ ಅಲ್ಲೇ ತಗೋತೀನಿ.